ಬ್ರಾಸ್ ವಾದ್ಯಕ್ಕೆ ಉಸಿರು: ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು

"ಹೊಟ್ಟೆಯಿಂದ ಊದು" ಎಂಬ ಮಾತು ಟ್ರಂಪೆಟ್, ಟ್ಯೂಬಾದಂಥ ಬ್ರಾಸ್ ವಾದ್ಯ (ತುಟಿ ಅದುರಿಸಿ ನುಡಿಸುವ ಹಿತ್ತಾಳೆ ವಾದ್ಯ) ಹಿಡಿದು ಬ್ಯಾಂಡಿಗೆ ಸೇರಿದ ಹೊಸದರಲ್ಲೇ ಎಲ್ಲರ ಕಿವಿಗೂ ಬೀಳುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಕೇಳಿದವರು ಹೊಟ್ಟೆ ಬಿಗಿಹಿಡಿದು ನಿಂತುಬಿಡುತ್ತಾರೆ. ಶ್ವಾಸಕೋಶದ ಕೆಳಗಿರುವ ವಪೆ ಉಸಿರು ಎಳೆಯುವ ಸ್ನಾಯು, ತಳ್ಳುವ ಸ್ನಾಯು ಅಲ್ಲ. ಅದು ಕೆಳಗಿಳಿದಾಗ ಹೊಟ್ಟೆ ಮುಂದೆ ಬರಬೇಕು. ಬಿಗಿ ಹಿಡಿದರೆ ಇಳಿಯಲು ಜಾಗವೆಲ್ಲಿ? ಊದುವಾಗ ವಪೆ ಸಡಿಲಾಗಿ ಮೇಲೇರುತ್ತದೆ, ತಳ್ಳುವ ಕೆಲಸ ಹೊಟ್ಟೆಯ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳದ್ದು.

ಸುಮ್ಮನೆ ಕೂತಾಗ ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ. ಪೂರ್ತಿ ಎಳೆದು ಪೂರ್ತಿ ಬಿಟ್ಟರೆ ಹೆಚ್ಚಿನ ವಯಸ್ಕರಲ್ಲಿ 3ರಿಂದ 5 ಲೀಟರ್. ಆದರೆ ಈ ಲೀಟರುಗಳೆಲ್ಲ ಒಂದೇ ಬೆಲೆಯವಲ್ಲ. ತುಂಬಿದ ಎದೆ ಊದಿದ ಬಲೂನಿನ ಹಾಗೆ ತಾನಾಗಿಯೇ ಕುಗ್ಗಲು ನೋಡುತ್ತದೆ, ಮೊದಲ ಭಾಗ ಬಹುಮಟ್ಟಿಗೆ ಪುಕ್ಕಟೆ. ಮೆಲ್ಲನೆಯ ಸ್ವರವಾದರೆ ಆ ಒತ್ತಡವನ್ನು ಸ್ವಲ್ಪ ತಡೆಹಿಡಿಯಬೇಕಾಗುತ್ತದೆ ಕೂಡ. ಸಹಜವಾಗಿ ಉಸಿರು ಬಿಟ್ಟು ನಿಲ್ಲುವ ಮಟ್ಟಕ್ಕಿಂತ ಕೆಳಗೆ ಹೋದಿರೋ, ಪ್ರತಿ ಹನಿ ಗಾಳಿಯನ್ನೂ ಹಿಂಡಿ ತೆಗೆಯಬೇಕು. ಹೆಗಲು ಏರುತ್ತದೆ, ಗಂಟಲು ಕಟ್ಟುತ್ತದೆ, ಶ್ರುತಿ ಅಲುಗಾಡುತ್ತದೆ. ಹಾಗಾಗಿ ಒಂದೇ ದಮ್ಮಿನಲ್ಲಿ ಉದ್ದ ಸಾಲು ಮುಗಿಸುವುದನ್ನು ನಾನು ಸಾಹಸವೆಂದು ಎಣಿಸುವುದಿಲ್ಲ. ಖಾಲಿಯಾಗುವ ಮೊದಲೇ ತುಂಬಿಕೊಳ್ಳುವವರೇ ಜಾಣರು.

ವಾದ್ಯಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ತಗ್ಗಿನ ಸ್ವರದ ದೊಡ್ಡ ವಾದ್ಯವಾದ ಟ್ಯೂಬಾಕ್ಕೆ ಒತ್ತಡ ಕಡಿಮೆ, ಗಾಳಿ ಅಪಾರ. ತಗ್ಗಿನ ಸ್ವರ ಜೋರಾಗಿ ನುಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಎದೆ ಬರಿದು. ಟ್ರಂಪೆಟ್ಟಿನ ಮೇಲಿನ ಸ್ವರಗಳಿಗೆ ಒತ್ತಡ ಹೆಚ್ಚು, ಗಾಳಿ ಸ್ವಲ್ಪವೇ ಸಾಕು. ಅಲ್ಲಿ ಉಸಿರುಗಟ್ಟುವುದು ಗಾಳಿ ಇಲ್ಲದೆ ಅಲ್ಲ, ಒಳಗೆ ಇಂಗಾಲದ ಡೈಆಕ್ಸೈಡ್ ಏರಿ. ಆಗ ಮೇಲಿಂದ ಇನ್ನಷ್ಟು ತುಂಬಿದರೆ ಸಂಕಟವೇ ಹೆಚ್ಚಾಗುತ್ತದೆ. ಮೊದಲು ಹಳೆಯದನ್ನು ಹೊರಗೆ ಬಿಡಿ, ನಂತರ ಎಳೆಯಿರಿ. (ನಮ್ಮ ಕರಾವಳಿಯಲ್ಲಿ ಕದ್ರಿ ಗೋಪಾಲನಾಥರಿಂದಾಗಿ ಮನೆಮಾತಾದ ಸ್ಯಾಕ್ಸೋಫೋನ್ ಹಿತ್ತಾಳೆಯದ್ದೇ ಆದರೂ ತುಟಿಯ ಬದಲು ರೀಡ್ ಎಂಬ ತೆಳು ಪಟ್ಟಿಯ ಅದುರುವಿಕೆಯಿಂದ ನುಡಿಯುವ ಕಾರಣ ಬೇರೆ ಕುಟುಂಬಕ್ಕೆ ಸೇರುತ್ತದೆ. ಉಸಿರಿನ ಬುನಾದಿ ಮಾತ್ರ ಇದೇ.)

ಸಣ್ಣ ಎದೆಯವರು ಎದೆಗುಂದಬೇಕಿಲ್ಲ. ಶಿಕಾಗೊ ಸಿಂಫನಿಯಲ್ಲಿ 1944ರಿಂದ 1988ರವರೆಗೆ ಟ್ಯೂಬಾ ನುಡಿಸಿದ ಆರ್ನಲ್ಡ್ ಜೇಕಬ್ಸ್ ಅವರ ಶ್ವಾಸಕೋಶದ ಸಾಮರ್ಥ್ಯ ಕಡಿಮೆ ಇತ್ತು. ಸ್ನಾಯುಗಳ ಚಿಂತೆ ಬಿಟ್ಟು, ಬರಬೇಕಾದ ನಾದವನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳಿ ಎಂಬುದೇ ಅವರ ಪಾಠದ ತಿರುಳು.

ನಮ್ಮ ಊರಿನ ನಿಜವಾದ ಪರೀಕ್ಷೆ ಮೆರವಣಿಗೆಯಲ್ಲಿ. ಮಂಗಳೂರಿನ ಕುದ್ರೋಳಿಯ ದಸರಾ ಇರಲಿ, ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಇರಲಿ, ನಡೆಯುತ್ತಾ ಊದಬೇಕು. ಸೆಕೆಗೆ ಬೆವರು ಆರುವುದಿಲ್ಲ, ಎದೆಬಡಿತ ಏರುತ್ತದೆ, ಉಸಿರಿನ ಹಸಿವೂ ಏರುತ್ತದೆ. ಕೂತು ನುಡಿಸುವಾಗ ನಾಲ್ಕು ಬಾರ್ (ತಾಳದ ಸುತ್ತು) ಸಾಗುವವರು ಇಲ್ಲಿ ಎರಡಕ್ಕೊಮ್ಮೆ ಉಸಿರು ತೆಗೆದುಕೊಳ್ಳಿ. ಜಾಗವನ್ನು ಪೆನ್ಸಿಲಿನಲ್ಲಿ ಮೊದಲೇ ಗುರುತು ಮಾಡಿ. ಪಕ್ಕದವರ ಜತೆ ಮಾತಾಡಿಕೊಂಡು ಬೇರೆ ಬೇರೆ ಜಾಗದಲ್ಲಿ ಎಳೆದರೆ ಸಾಲು ಕಡಿಯುವುದಿಲ್ಲ.

ಅಭ್ಯಾಸಕ್ಕೆ ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಬಾಯಿಯನ್ನು "ಓ" ಆಕಾರದಲ್ಲಿ ತೆರೆದು ನಾಲ್ಕು ಎಣಿಕೆ ಎಳೆಯಿರಿ, ನಾಲ್ಕು ಬಿಡಿ. ಬಿಡುವುದನ್ನು ಆರಕ್ಕೆ, ಎಂಟಕ್ಕೆ ಏರಿಸಿ. ಆಮೇಲೆ ಎಳೆಯುವುದನ್ನು ಎರಡಕ್ಕೆ, ಒಂದಕ್ಕೆ ಇಳಿಸಿ. ಎಳೆಯುವಾಗ ಹಿಸ್ಸೆಂಬ ಸದ್ದು ಬಂದರೆ ಗಂಟಲು ಕಿರಿದಾಗಿದೆ ಎಂದೇ ಅರ್ಥ. ಎಳೆದದ್ದು ಮುಗಿದ ಕೂಡಲೇ ಬಿಡುವುದು ಶುರುವಾಗಬೇಕು. ನಡುವೆ ತಡೆದು ನಿಲ್ಲಿಸಿದರೆ ಗಂಟಲು ಮುಚ್ಚಿಕೊಂಡು ಮೊದಲ ಸ್ವರ ಸಿಡಿಯುತ್ತದೆ. ತಲೆ ಸುತ್ತಿದರೆ ನಿಲ್ಲಿಸಿ ಕೂತುಕೊಳ್ಳಿ, ಸಹಜ ಉಸಿರಾಟಕ್ಕೆ ಮರಳಿ. ಇಷ್ಟೆಲ್ಲ ಆದ ಮೇಲೂ ಗಾಳಿ ಬೇಗ ಮುಗಿಯುತ್ತಿದ್ದರೆ ಎದೆಯನ್ನಲ್ಲ, ತುಟಿಯನ್ನು ನೋಡಿ. ಸ್ವರದ ಜತೆ ಬುಸಬುಸ ಕೇಳಿಸುತ್ತಿದ್ದರೆ ಗಾಳಿ ನಾದವಾಗದೆ ಸೋರಿ ಹೋಗುತ್ತಿದೆ. ಮೆಲ್ಲನೆಯ ಉದ್ದ ಸ್ವರಗಳಿಂದ ಅದನ್ನು ತಿದ್ದಬಹುದು.