ದಲ್ಲಾಳಿ ಎಲ್ಲಿ ಕೂತಿದ್ದಾನೆ? ಸೆನ್ಸರ್‌ನಿಂದ ಡ್ಯಾಶ್‌ಬೋರ್ಡ್‌ವರೆಗೆ ಎಂಕ್ಯೂಟಿಟಿ ಬಂದ ದಾರಿ

ಬೆಳಗ್ಗೆ ಐದೂಮುಕ್ಕಾಲಿಗೆ ವಾಚ್‌ಮನ್ ಫೋನ್ ಮಾಡಿದ. "ಸಾರ್, ಮೇಲಿನ ಟ್ಯಾಂಕ್ ಖಾಲಿ ಇದ್ದಂಗಿದೆ, ಮೋಟರ್ ಹಾಕ್ಲಾ?" ಹಾಸಿಗೆಯಲ್ಲೇ ಮೊಬೈಲ್ ತೆರೆದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಟ್ಯಾಂಕ್, 62 ಪರ್ಸೆಂಟ್ ನೀರು. ಬೇಡ ಅಂದೆ. ಏಳು ಗಂಟೆಗೆ ಬಕೆಟ್ ಹಿಡಿದವರೆಲ್ಲ ನನ್ನ ಬಾಗಿಲಲ್ಲಿದ್ದರು.

ಸೆನ್ಸರ್ ಹಿಂದಿನ ಸಂಜೆಯೇ ಸತ್ತಿತ್ತು. 62 ಅನ್ನೋದು ಅದರ ಕೊನೆಯ ಮಾತು. ಅದನ್ನು ಮಧ್ಯದಲ್ಲಿದ್ದವನೊಬ್ಬ ಜೋಪಾನವಾಗಿಟ್ಟುಕೊಂಡು ಕೇಳಿದವರಿಗೆಲ್ಲ ಹೇಳುತ್ತಿದ್ದ. ಅವನು ಸುಳ್ಳು ಹೇಳಲಿಲ್ಲ. ಇಟ್ಟುಕೋ ಅಂತ ನಾನೇ ಹೇಳಿದ್ದೆ.

ಅವನ ಹೆಸರು ಬ್ರೋಕರ್, ಅಂದರೆ ದಲ್ಲಾಳಿ. ಮನುಷ್ಯನಲ್ಲ, ಒಂದು ಸಾಫ್ಟ್‌ವೇರ್. ಯಂತ್ರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಎಂಕ್ಯೂಟಿಟಿ (MQTT) ಎಂಬ ಸಂದೇಶ ವ್ಯವಸ್ಥೆಯ ನಡುಮನೆ ಅವನದ್ದು. ಇವತ್ತು ಯಾರಾದರೂ "ವೈರ್‌ಲೆಸ್ ಸೆನ್ಸರ್‌ನ ಡೇಟಾ ಕ್ಲೌಡ್ ಡ್ಯಾಶ್‌ಬೋರ್ಡ್‌ಗೆ ಹೇಗೆ ಕಳಿಸೋದು" ಅಂತ ಕೇಳಿದರೆ ಹತ್ತು ಉತ್ತರ ಬರುತ್ತವೆ. ಹತ್ತರಲ್ಲೂ ಎಂಕ್ಯೂಟಿಟಿ ಇರುತ್ತದೆ, ಒಂದರಂತೆ ಇನ್ನೊಂದು ಇರಲ್ಲ. ಇಷ್ಟು ಸರಳವಾದ ಸಂಗತಿ ಹೀಗೆ ಗೋಜಲಾದದ್ದು ಹೇಗೆ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1999. ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಮುಂದೆ ಇದ್ದದ್ದು ತೈಲದ ಪೈಪ್‌ಲೈನ್. ಎಲ್ಲೋ ದೂರದಲ್ಲಿರುವ ಕೊಳವೆಯ ಒತ್ತಡ, ವಾಲ್ವ್‌ಗಳ ಸ್ಥಿತಿ, ಎಲ್ಲವೂ ಉಪಗ್ರಹದ ಮೂಲಕ ಬರಬೇಕು. ಆ ದಾರಿ ಕಿರಿದು, ದುಬಾರಿ. ಅಲ್ಲಿವರೆಗಿನ ಪದ್ಧತಿಯಲ್ಲಿ ಕೇಂದ್ರದ ಕಂಪ್ಯೂಟರ್ ಒಂದೊಂದೇ ಯಂತ್ರವನ್ನು ಸರದಿಯಲ್ಲಿ ಕೇಳುತ್ತಿತ್ತು: ಏನಾದ್ರೂ ವಿಶೇಷ ಇದೆಯಾ? ಹೆಚ್ಚಿನ ಸಲ ಉತ್ತರ, ಇಲ್ಲ. ಆ "ಇಲ್ಲ"ಗೂ ದುಡ್ಡು.

ಇಬ್ಬರೂ ಇದನ್ನು ತಿರುಗಿಸಿದರು. ಯಂತ್ರ ಒಂದು ಸಂಪರ್ಕವನ್ನು ತೆರೆದಿಟ್ಟುಕೊಂಡು, ಹೇಳುವಂಥದ್ದು ಇದ್ದಾಗ ಮಾತ್ರ ಬಾಯಿ ಬಿಡುತ್ತದೆ. ಯಾರಿಗೆ ಹೇಳಬೇಕು ಅನ್ನೋದೂ ಅದಕ್ಕೆ ಗೊತ್ತಿರಬೇಕಾಗಿಲ್ಲ. "ಮನೆ/ಟ್ಯಾಂಕ್/ಮೇಲೆ" ಅನ್ನುವಂಥ ಒಂದು ಟಾಪಿಕ್, ಅಂದರೆ ವಿಷಯದ ಚೀಟಿ, ಹಚ್ಚಿ ಬ್ರೋಕರ್ ಕೈಗೆ ಕೊಟ್ಟರೆ ಮುಗಿಯಿತು. ಆ ಟಾಪಿಕ್ ಬೇಕು ಅಂತ ಹೆಸರು ಕೊಟ್ಟವರಿಗೆಲ್ಲ ಅವನು ಹಂಚುತ್ತಾನೆ. ಎಪಿಎಂಸಿ ಯಾರ್ಡ್‌ನಲ್ಲಿ ಚೀಲ ಇಳಿಸಿದ ರೈತನಿಗೆ ಕೊನೆಗೆ ತಿನ್ನುವವನ ಮುಖ ಗೊತ್ತಿರಲ್ಲ ಅಲ್ವಾ, ಹಾಗೆ. ವ್ಯತ್ಯಾಸ ಅಂದರೆ ಈ ದಲ್ಲಾಳಿ ಕಮಿಷನ್ ಕೇಳುತ್ತಿರಲಿಲ್ಲ. ಕೇಳುತ್ತಿರಲಿಲ್ಲ ಅಂತ ಯಾಕೆ ಅಂದೆ ಅನ್ನೋದು ಮುಂದೆ ಬರುತ್ತದೆ.

ಸಂದೇಶದ ಮೇಲಿನ ಹೊದಿಕೆ ಕನಿಷ್ಠ 2 ಬೈಟ್, ಅಷ್ಟೇ. ಜೊತೆಗೆ ಒಂದು ಉಯಿಲು. ಸಂಪರ್ಕ ಮಾಡುವಾಗಲೇ ಯಂತ್ರ ಬರೆದಿಡುತ್ತದೆ: ನಾನು ಹೇಳದೆ ಕೇಳದೆ ಮಾಯವಾದರೆ ಈ ಸಂದೇಶವನ್ನು ಎಲ್ಲರಿಗೂ ಕಳಿಸಿ. ಯಂತ್ರವೇ ಗೊತ್ತುಮಾಡಿದ ಅವಧಿಯ ಒಂದೂವರೆ ಪಟ್ಟು ಹೊತ್ತು ಸದ್ದಿಲ್ಲದಿದ್ದರೆ ಬ್ರೋಕರ್ ಉಯಿಲು ಓದುತ್ತಾನೆ. ಪೈಪ್‌ಲೈನ್ ಕಾಯುವವರಿಗೆ ಮೌನವೂ ಒಂದು ಸುದ್ದಿ.

ಮುಂದಿನ ಹತ್ತು ವರ್ಷ ಇದು ಕೈಗಾರಿಕೆಯವರ ಒಳಮನೆಯ ಮಾತು. ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮಾತ್ರ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ತಮ್ಮ ಮನೆಗೇ ಸೆನ್ಸರ್ ಹಾಕಿ, ಮನೆಯಿಂದಲೇ ಟ್ವೀಟ್ ಮಾಡಿಸುತ್ತಿದ್ದರು. ಇಲಿಬೋನಿಗೂ ಸೆನ್ಸರ್ ಹಾಕಿದ್ದರಂತೆ. 2010ರಲ್ಲಿ ಐಬಿಎಂ 3.1ನೇ ಆವೃತ್ತಿಯನ್ನು ಯಾರು ಬೇಕಾದರೂ ಪುಕ್ಕಟೆ ಬಳಸುವಂತೆ ಬಿಟ್ಟಿತು. 2011ರಲ್ಲಿ ಫೇಸ್‌ಬುಕ್ ತನ್ನ ಮೆಸೆಂಜರ್‌ಗೆ ಇದನ್ನೇ ತೆಗೆದುಕೊಂಡಿತು. 2014ರಲ್ಲಿ 3.1.1 ಆವೃತ್ತಿ, ತಾಂತ್ರಿಕ ಮಾನದಂಡ ರೂಪಿಸುವ ಓಯಾಸಿಸ್ ಸಂಸ್ಥೆಯ ಅಧಿಕೃತ ಮಾನದಂಡವಾಯಿತು.

ಅಂದಹಾಗೆ, ದೂರದ ಸೆನ್ಸರ್ ನಮಗೇನೂ ಹೊಸದಲ್ಲ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನೋಡಿಕೊಳ್ಳುವ ಘಟಕವಾಗಿ ಹುಟ್ಟಿದ್ದು. ಅದು ಗ್ರಾಮ ಪಂಚಾಯಿತಿಗೊಂದರಂತೆ ಸುಮಾರು 6500 ಮಳೆಮಾಪಕ ಕೂರಿಸಿತು. ಸೋಲಾರ್ ಪ್ಯಾನೆಲ್, ಮೊಬೈಲ್ ನೆಟ್‌ವರ್ಕ್, 15 ನಿಮಿಷಕ್ಕೊಮ್ಮೆ ಲೆಕ್ಕ. ಹೊಸದಾಗಿ ಬಂದದ್ದು ಇಷ್ಟೇ: ಈ ಕೆಲಸ ಸರ್ಕಾರದ ಕೈಯಿಂದ ಇಳಿದು ನನ್ನಂಥವನ ಟೆರೇಸ್‌ಗೆ ಬಂತು.

ತಂದದ್ದು ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್. 2014ರಲ್ಲಿ ಬಂತು. ಕೆಲವು ನೂರು ರೂಪಾಯಿಗೆ ವೈಫೈ ಇರುವ ಪುಟ್ಟ ಕಂಪ್ಯೂಟರ್. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಂಗಡಿಯವರು ಬೋರ್ಡ್‌ಗಳನ್ನು ಕಡಲೆಕಾಯಿ ಹಾಗೆ ಕವರ್‌ಗೆ ಸುರಿದು ಕೊಡುತ್ತಿದ್ದ ಕಾಲ. ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಅದರ ಮೇಲೆ ರೋಜರ್ ಲೈಟ್ ಬರೆದ ಮಸ್ಕಿಟೊ ಬ್ರೋಕರ್. ಪಕ್ಕದಲ್ಲಿ ನೋಡ್-ರೆಡ್ ಎಂಬ ಸಾಫ್ಟ್‌ವೇರ್. ಅದು ಹುಟ್ಟಿದ್ದೇ ಎಂಕ್ಯೂಟಿಟಿ ಟಾಪಿಕ್‌ಗಳನ್ನು ಒಂದಕ್ಕೊಂದು ಜೋಡಿಸಿ ತೋರಿಸಲು. ಬ್ರೋಕರ್ ಹಳೆಯ ಲೆಕ್ಕ ಇಡಲ್ಲ, ಹಂಚಿ ಕೈತೊಳೆದುಕೊಳ್ಳುತ್ತಾನೆ. ಇಟ್ಟುಕೋ ಅಂದರೆ ಟಾಪಿಕ್‌ಗೊಂದರಂತೆ ಕೊನೆಯ ಸಂದೇಶವನ್ನು ಇಟ್ಟುಕೊಳ್ಳುತ್ತಾನೆ. ಹಾಗಾಗಿ ಲೆಕ್ಕಕ್ಕೆ ಇನ್‌ಫ್ಲಕ್ಸ್‌ಡಿಬಿ, ಗ್ರಾಫ್‌ಗೆ ಗ್ರಫಾನಾ. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ, ನಮ್ಮ ಟಿವಿ ಹಿಂದೆ. ನನ್ನ ಪ್ರಕಾರ ಈ ವ್ಯವಸ್ಥೆಯ ಒಳ್ಳೆಯ ದಿನಗಳು ಅವೇ.

ಕೆಟ್ಟದ್ದೂ ಇತ್ತು. ಬ್ರೋಕರ್‌ಗೆ ಪಾಸ್‌ವರ್ಡ್ ಹಾಕಬೇಕು ಅಂತ ತುಂಬಾ ಜನಕ್ಕೆ ಹೊಳೆಯಲೇ ಇಲ್ಲ. ಹೊರಗಿನಿಂದ ನೋಡಬೇಕು ಅಂತ ರೂಟರ್‌ನಲ್ಲಿ ಎಂಕ್ಯೂಟಿಟಿಯ ಬಾಗಿಲಾದ 1883ನೇ ಪೋರ್ಟ್ ತೆರೆದರು. 2018ರಲ್ಲಿ ಸೈಬರ್ ಸುರಕ್ಷತೆಯ ಕಂಪನಿ ಅವಾಸ್ಟ್ ಹುಡುಕಿದಾಗ ಇಂಟರ್ನೆಟ್‌ಗೆ ತೆರೆದಿದ್ದ 49,000ಕ್ಕೂ ಜಾಸ್ತಿ ಎಂಕ್ಯೂಟಿಟಿ ಸರ್ವರ್ ಸಿಕ್ಕವು, ಅದರಲ್ಲಿ ಸುಮಾರು 32,000ಕ್ಕೆ ಪಾಸ್‌ವರ್ಡೇ ಇರಲಿಲ್ಲ. ಮಸ್ಕಿಟೊ 2020ರ ಕೊನೆಯ 2.0 ಆವೃತ್ತಿಯಲ್ಲಿ ತಾನಾಗೇ ಬಾಗಿಲು ಹಾಕಿಕೊಂಡಿತು. ಆವತ್ತು ಅಪ್‌ಡೇಟ್ ಮಾಡಿದವರಿಗೆ ಸೆನ್ಸರ್‌ಗಳೆಲ್ಲ ಒಟ್ಟಿಗೆ ಕೈಕೊಟ್ಟಂತೆ ಕಂಡಿರುತ್ತದೆ. ಕೈಕೊಟ್ಟದ್ದಲ್ಲ, ಬೀಗ ಬಿದ್ದದ್ದು.

ಅಷ್ಟರಲ್ಲಿ ದಲ್ಲಾಳಿ ಮನೆ ಬದಲಿಸಿ ಕ್ಲೌಡ್‌ಗೆ ಹೋಗಿಯಾಗಿತ್ತು. 2015ರಲ್ಲಿ ಅಮೆಜಾನ್ ತನ್ನ ಐಒಟಿ (ವಸ್ತುಗಳ ಇಂಟರ್ನೆಟ್) ಸೇವೆ ತಂದಿತು. ಮೈಕ್ರೋಸಾಫ್ಟ್, ಗೂಗಲ್, ಐಬಿಎಂ ಎಲ್ಲರ ಹತ್ತಿರವೂ ಒಂದೊಂದು ಬ್ರೋಕರ್, ಅಥವಾ ಬ್ರೋಕರ್‌ನಂತೆ ಕಾಣುವ ಏನೋ ಒಂದು. ಎಲ್ಲರೂ ಎಂಕ್ಯೂಟಿಟಿ ಮಾತಾಡುತ್ತೇವೆ ಅಂದರು, ಮಾತಾಡಿದರು ಕೂಡ. ಆದರೆ ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ. ಒಬ್ಬರಿಗೆ ಸಾಧನಕ್ಕೊಂದು ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತುಪತ್ರ, ಬೇಕು, ಇನ್ನೊಬ್ಬರಿಗೆ ಅವಧಿ ಮುಗಿಯುವ ಟೋಕನ್. ಕೆಲವರಲ್ಲಿ ಟಾಪಿಕ್ ಹೆಸರು ನೀವಿಡುವಂತಿಲ್ಲ, ಅವರು ಹೇಳಿದ್ದೇ. ಸಂದೇಶ ಒಂದೇ ಸಲ, ಖಂಡಿತ ತಲುಪಬೇಕು ಅನ್ನುವ ಮೂರನೇ ಹಂತದ ಖಾತರಿ ಮಾನದಂಡದಲ್ಲಿ ಇದೆ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನ ಈ ಸೇವೆಗಳಲ್ಲಿ ಇರಲಿಲ್ಲ. ಕಮಿಷನ್ ಶುರುವಾದದ್ದೂ ಇಲ್ಲೇ. ಅಮೆಜಾನ್‌ನಲ್ಲಿ ಲೆಕ್ಕ 5 ಕೆಬಿ ಅಳತೆಯಲ್ಲಿ. "62" ಅಂತ ಎರಡು ಅಂಕಿ ಕಳಿಸಿದರೂ ಬಿಲ್ಲಿನಲ್ಲಿ ಒಂದು ಪೂರ್ತಿ ಸಂದೇಶ.

ಸುರಕ್ಷತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಟ್ಟ ಚಿಪ್‌ಗೆ ಅದು ಮೂಗಿಗಿಂತ ಮೂಗುತಿ ಭಾರ ಆಯಿತು. 2 ಬೈಟ್ ಹೊದಿಕೆಯ ಹೆಗ್ಗಳಿಕೆ ಇರುವುದು ಸಂಪರ್ಕ ಸದಾ ತೆರೆದಿದ್ದರೆ ಮಾತ್ರ. ಬ್ಯಾಟರಿ ಸೆನ್ಸರ್ ಹಾಗಿರಲು ಆಗಲ್ಲ. ಇಎಸ್‌ಪಿ8266 ವೈಫೈನಲ್ಲಿ ಕೂಗುವಾಗ ಸುಮಾರು 170 ಮಿಲಿಆಂಪ್ ಎಳೆಯುತ್ತದೆ, ಗಾಢ ನಿದ್ದೆಯಲ್ಲಿ 20 ಮೈಕ್ರೋಆಂಪ್ ಸಾಕು. ಅದಕ್ಕೇ 15 ನಿಮಿಷ ಮಲಗಿ ಒಮ್ಮೆ ಏಳುತ್ತದೆ. ಎದ್ದಾಗಲೆಲ್ಲ ವೈಫೈ ಹುಡುಕಿ, ಟಿಎಲ್‌ಎಸ್ ಎಂಬ ಗುಪ್ತ ಸಂಪರ್ಕದ ಪರಿಚಯ ಮುಗಿಸಿ, ಕೆಲವು ಕಿಲೋಬೈಟ್ ಸರ್ಟಿಫಿಕೇಟ್ ಪರೀಕ್ಷಿಸಿ, ಆಮೇಲೆ "62" ಅನ್ನಬೇಕು. ಸರ್ಟಿಫಿಕೇಟ್ ಪರೀಕ್ಷಿಸಲು ಇವತ್ತಿನ ತಾರೀಖು ಗೊತ್ತಿರಬೇಕು. ಕರೆಂಟ್ ಅಥವಾ ಬ್ಯಾಟರಿ ಹೋಗಿ ಬಂದರೆ ಈ ಚಿಪ್‌ನ ಪಾಲಿಗೆ ಅದು 1970. ಮೊದಲು ಟೈಮ್ ಕೇಳಿಕೊಂಡು ಬರಬೇಕು.

ಇನ್ನು ಸರ್ಟಿಫಿಕೇಟ್‌ಗಳಿಗೂ ಆಯಸ್ಸು ಇದೆ. 2021ರ ಸೆಪ್ಟೆಂಬರ್ 30ಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ಒಂದು ಹಳೆಯ ಮೂಲ ಸರ್ಟಿಫಿಕೇಟ್‌ನ ಅವಧಿ ಮುಗಿಯಿತು. ಫೋನು, ಕಂಪ್ಯೂಟರ್ ಹೊಸದನ್ನು ಹಾಕಿಕೊಂಡವು. ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದ ಸೆನ್ಸರ್‌ಗೆ ಯಾರು ಹಾಕೋದು? ಆ ವಾರ ನಾನು ಮೂರು ಟೆರೇಸ್ ಹತ್ತಿದ್ದೇನೆ, ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು.

ಆಮೇಲೆ 2023 ಬಂತು. ಗೂಗಲ್ ತನ್ನ ಐಒಟಿ ಕೋರ್ ಸೇವೆಯನ್ನು ಒಂದು ವರ್ಷ ಮುಂಚೆ ತಿಳಿಸಿ ಆಗಸ್ಟ್ 16ಕ್ಕೆ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಐಬಿಎಂ ಕ್ಲೌಡ್‌ನ ವಾಟ್ಸನ್ ಐಒಟಿ ಕೂಡ ನಿಂತಿತು. ಎಂಕ್ಯೂಟಿಟಿಯ ತವರುಮನೆಯ ಅಂಗಡಿಯೇ ಅದು. ವ್ಯಾಪಾರ ಅಂದಮೇಲೆ ಅಂಗಡಿ ಮುಚ್ಚೋದು ಇದ್ದದ್ದೇ. ಆದರೆ ಸೆನ್ಸರ್‌ಗಳಲ್ಲಿ ಸರ್ವರ್ ವಿಳಾಸ, ಟೋಕನ್ ಮಾಡುವ ರೀತಿ, ಟಾಪಿಕ್ ಹೆಸರು ಎಲ್ಲವೂ ಆ ಅಂಗಡಿಯ ಅಳತೆಗೇ ಹೊಲಿದಿದ್ದವು. ಮುಕ್ತ ಮಾನದಂಡ ಇದ್ದೂ ಸಾಮಾನು ಬಿಚ್ಚಿ ಹೊಸದಾಗಿ ಹೊಲಿಯಬೇಕಾಯಿತು. ಸೆನ್ಸರ್‌ನಲ್ಲಿ ಸ್ವಂತ ಡೊಮೈನ್ ಹೆಸರು, ಹಿಂದೆ ಮಾಮೂಲಿ ಬ್ರೋಕರ್, ಅಲ್ಲಿಂದ ಮುಂದೆ ಯಾವ ಕ್ಲೌಡ್ ಬೇಕಾದರೂ ಅಂತ ಇಟ್ಟುಕೊಂಡಿದ್ದರೆ ಟೆರೇಸ್ ಹತ್ತುವ ಕೆಲಸ ಉಳಿಯುತ್ತಿತ್ತು. ಈಗ ತುಂಬಾ ಜನ ಹೇಳುತ್ತಿರುವುದು ಇದನ್ನೇ, ಸ್ವಲ್ಪ ತಡವಾಗಿ.

ನನ್ನ 62ಕ್ಕೆ ಬರೋಣ. ಉಯಿಲು ಬರೆದಿರಲಿಲ್ಲವಾ ಅಂತ ನೀವು ಕೇಳಬಹುದು. ಬರೆದಿದ್ದೆ. ಆದರೆ ಸೆನ್ಸರ್ ಮಲಗುವ ಮುಂಚೆ ಮರ್ಯಾದೆಯಾಗಿ "ಹೋಗಿ ಬರ್ತೀನಿ" ಅಂದರೆ ಬ್ರೋಕರ್ ಉಯಿಲನ್ನು ಹರಿದು ಹಾಕುತ್ತಾನೆ. ನನ್ನದು ಪ್ರತಿ ಸಲವೂ ಹೇಳಿಯೇ ಮಲಗುತ್ತಿತ್ತು. ಆ ಸಂಜೆ ಮಲಗಿದ್ದು ಏಳಲಿಲ್ಲ. ಉಯಿಲಿನ ನಿಯಮ ಬರೆದ ಕಾಲದಲ್ಲಿ ಪೈಪ್‌ಲೈನ್ ಸೆನ್ಸರ್‌ಗಳು ಮಲಗುತ್ತಿರಲಿಲ್ಲ.

2019ರ ಮಾರ್ಚ್‌ನಲ್ಲಿ ಮಾನದಂಡವಾದ ಎಂಕ್ಯೂಟಿಟಿ 5ರಲ್ಲಿ ಇದಕ್ಕೆ ಮದ್ದಿದೆ. ಸಂದೇಶಕ್ಕೇ ಆಯಸ್ಸು ಬರೆಯಬಹುದು. ಹೊತ್ತು ಮೀರಿದ ಸಂದೇಶವನ್ನು ಬ್ರೋಕರ್ ಯಾರಿಗೂ ಕೊಡಲ್ಲ. ಆದರೆ ಇಎಸ್‌ಪಿ8266ಕ್ಕೆ ನಾನು ಬಳಸುತ್ತಿದ್ದ ಪಬ್‌ಸಬ್‌ಕ್ಲೈಂಟ್ ಲೈಬ್ರರಿಗೆ ಈ 5ನೇ ಆವೃತ್ತಿ ಬರುತ್ತಿರಲಿಲ್ಲ. ಕೊನೆಗೆ ಬೋರ್ಡೇ ಬದಲಿಸಿ ಅದೇ ಕಂಪನಿಯ ಇಎಸ್‌ಪಿ32 ಹಾಕಿದೆ. ಆಯಸ್ಸು 2700 ಸೆಕೆಂಡ್, ಅಂದರೆ ಮೂರು ಸರದಿ. ಈಗ ಸೆನ್ಸರ್ ಸತ್ತು ಮುಕ್ಕಾಲು ಗಂಟೆ ಆದಮೇಲೆ ಮೊಬೈಲ್ ತೆರೆದರೆ ಟ್ಯಾಂಕ್‌ನ ಜಾಗ ಖಾಲಿ ಕಾಣುತ್ತದೆ, ಅಂಕಿ ಇರಲ್ಲ.

ವಾಚ್‌ಮನ್ ಮಾತ್ರ ಈಗ ಫೋನ್ ಮಾಡಲ್ಲ. ಬೆಳಗ್ಗೆ ತಾನೇ ಮೇಲೆ ಹತ್ತಿ, ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡಿ ಮೋಟರ್ ಹಾಕುತ್ತಾನೆ.