ದಾದರ್‌ನಲ್ಲಿ ಲೋಕಲ್ ಹತ್ತುವ ಮುನ್ನ

ಚಾಲುಕ್ಯ ಅಥವಾ ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬಂದು ಮುಂಬೈಯ ದಾದರ್‌ನಲ್ಲಿ ಇಳಿದವರು ಮೊದಲು ಎಡವುವುದು ‘ಮಾಟುಂಗಕ್ಕೆ ಯಾವ ಗಾಡಿ?’ ಎಂಬಲ್ಲಿ. ಮಾಟುಂಗ ಹೆಸರಿನ ನಿಲ್ದಾಣ ಎರಡಿವೆ. ಮೈಸೂರು ಅಸೋಸಿಯೇಷನ್ನಿಗೆ ಹೋಗುವವರು ಮಧ್ಯ ರೈಲ್ವೆಯ ಮಾಟುಂಗದಲ್ಲಿ ಇಳಿಯಬೇಕು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರಕ್ಕಾದರೆ ಪಶ್ಚಿಮ ರೈಲ್ವೆಯ ಮಾಟುಂಗ ರೋಡ್. ಎರಡೂ ದಾದರ್ ಬಿಟ್ಟರೆ ಉತ್ತರಕ್ಕೆ ಸಿಗುವ ಮೊದಲ ನಿಲ್ದಾಣಗಳೇ; ಆದರೆ ಎರಡರಲ್ಲೂ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಗಡಿಬಿಡಿಯಲ್ಲಿ ಫಾಸ್ಟ್ ಹತ್ತಿದರೆ ಮಧ್ಯ ಮಾರ್ಗದವರು ಕುರ್ಲಾದಲ್ಲಿ, ಪಶ್ಚಿಮ ಮಾರ್ಗದವರು ಬಾಂದ್ರಾದಲ್ಲಿ ಇಳಿದು ವಾಪಸ್ ಬರಬೇಕಾಗುತ್ತದೆ.

ಆದ್ದರಿಂದ ಯಾವ ಮಾರ್ಗ, ಯಾವ ದಿಕ್ಕು, ಫಾಸ್ಟೋ ಸ್ಲೋವೋ ಎಂಬ ಮೂರನ್ನೂ ಪ್ಲಾಟ್‌ಫಾರ್ಮಿಗೆ ಇಳಿಯುವ ಮೊದಲೇ ತೀರ್ಮಾನಿಸಿಕೊಳ್ಳಿ. ಪಶ್ಚಿಮ ಮಾರ್ಗದ ಚರ್ಚ್‌ಗೇಟ್ ಅಥವಾ ಮಧ್ಯ ಮಾರ್ಗದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೋಗುವುದು ಅಪ್, ಅಲ್ಲಿಂದ ದೂರ ಹೋಗುವುದು ಡೌನ್. ಪ್ಲಾಟ್‌ಫಾರ್ಮುಗಳ ಗೊಂದಲ ಈಗ ಅರ್ಧ ಕಡಿಮೆಯಾಗಿದೆ. ಮೊದಲು ಎರಡೂ ರೈಲ್ವೆಗಳು ತಂತಮ್ಮ ಕಡೆ 1ರಿಂದಲೇ ಎಣಿಸುತ್ತಿದ್ದವು. 2023ರ ಡಿಸೆಂಬರ್ 9ರಿಂದ ಪಶ್ಚಿಮದ 1ರಿಂದ 7 ಹಾಗೆಯೇ ಉಳಿದು, ಮಧ್ಯ ರೈಲ್ವೆಯವು 8ರಿಂದ 14 ಆದವು. ಎಷ್ಟೋ ವರ್ಷ ಮೊದಲೇ ಆಗಬೇಕಿದ್ದ ಕೆಲಸವಿದು. ಹಳೆಯ ಸಂಖ್ಯೆಯನ್ನೇ ನೆನಪಿಟ್ಟುಕೊಂಡವರು ದಾರಿ ಹೇಳಿದರೆ ಬೋರ್ಡನ್ನೂ ನೋಡಿ.

ಇಂಡಿಕೇಟರ್ ಓದುವುದು ಕಷ್ಟವೇನಲ್ಲ. ಮೊದಲ ಅಕ್ಷರಗಳು ಗಾಡಿಯ ಕೊನೆಯ ನಿಲ್ದಾಣದ ಸಂಕೇತ: ಕೆ ಎಂದರೆ ಕಲ್ಯಾಣ್, ಟಿ ಎಂದರೆ ಠಾಣೆ, ಬಿಒ ಎಂದರೆ ಬೋರಿವಲಿ, ಸಿ ಎಂದರೆ ಚರ್ಚ್‌ಗೇಟ್. ಜೊತೆಗಿರುವ ಎಫ್ ಫಾಸ್ಟ್, ಎಸ್ ಸ್ಲೋ. 12 ಅಥವಾ 15 ಎಂಬುದು ಬೋಗಿಗಳ ಸಂಖ್ಯೆ. ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. 12 ಬೋಗಿಯ ಗಾಡಿಗೆ ಲೇಡೀಸ್ ಡಬ್ಬಿ ಬಂದು ನಿಲ್ಲುವ ಜಾಗದಲ್ಲೇ 15 ಬೋಗಿಯ ಗಾಡಿಗೂ ಕಾದರೆ ಬೇರೆ ಡಬ್ಬಿ ಎದುರಾಗಬಹುದು. ಗಾಡಿ ನಿಲ್ಲುವುದು ಅರ್ಧ ನಿಮಿಷದಷ್ಟೇ, ಆಗ ಓಡುವಂತಿಲ್ಲ. ಓರೆ ಪಟ್ಟಿ ಬಳಿದ ಡಬ್ಬಿ ಫಸ್ಟ್ ಕ್ಲಾಸ್. ಸೆಕೆಂಡ್ ಕ್ಲಾಸ್ ಟಿಕೆಟಿನಲ್ಲಿ ಅದಕ್ಕೆ ಹತ್ತಿ ಟಿಸಿ ಕೈಗೆ ಸಿಕ್ಕರೆ ದರದ ವ್ಯತ್ಯಾಸದ ಜೊತೆ ಕನಿಷ್ಠ 250 ರೂಪಾಯಿ ದಂಡ. ಎಸಿ ಲೋಕಲ್‌ಗೂ ಬೇರೆಯದೇ ಟಿಕೆಟ್ ಬೇಕು.

ಮೊಬೈಲ್ ಟಿಕೆಟನ್ನು ನಿಲ್ದಾಣಕ್ಕೆ ಬರುವ ಮೊದಲೇ ತೆಗೆದಿಡಿ. ನಿಲ್ದಾಣದೊಳಗೆ, ಹಳಿಯ ಹತ್ತಿರ ನಿಂತು ಆ್ಯಪ್ ತೆರೆದರೆ ಪೇಪರ್‌ಲೆಸ್ ಟಿಕೆಟ್ ಕೊಡದಂತೆ ಜಿಪಿಎಸ್ ತಡೆಯುತ್ತದೆ. ಟಿಸಿಯನ್ನು ಕಂಡ ಮೇಲೆ ಟಿಕೆಟ್ ತೆಗೆಯುವವರಿಗಾಗಿಯೇ ಈ ಏರ್ಪಾಡು. ನಿಲ್ದಾಣಕ್ಕೆ ಆಗಲೇ ಬಂದಿದ್ದರೆ ಎಟಿವಿಎಂಗೆ, ಅಂದರೆ ಟಿಕೆಟ್ ಕೊಡುವ ಯಂತ್ರಕ್ಕೆ ಹೋಗಿ. ಟಿಕೆಟ್ ತೆಗೆದ 1 ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಫೋನಿನ ಚಾರ್ಜ್ ಮುಗಿದಿದ್ದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ. ಬೋರಿವಲಿಯಿಂದ ಠಾಣೆಗೆ ಎಂಬಂಥ ಪ್ರಯಾಣಕ್ಕೆ ದಾದರ್‌ನಲ್ಲಿ ಮತ್ತೊಂದು ಟಿಕೆಟ್ ಬೇಡ. ‘ದಾದರ್ ಮೂಲಕ’ ಎಂಬ ಮಾರ್ಗ ಆರಿಸಿದರೆ ಒಂದೇ ಸಾಕು. ದಿನವೂ ಓಡಾಡುವವರಿಗೆ ಪಾಸೇ ಲಾಭ: ಮೂರು ತಿಂಗಳಿನದಕ್ಕೆ ಮಾಸಿಕ ದರದ 2.7 ಪಟ್ಟು, ಆರು ತಿಂಗಳಿಗೆ 5.4 ಪಟ್ಟು, ವರ್ಷಕ್ಕೆ 10.8 ಪಟ್ಟು.

ಸೇತುವೆಯ ಮೆಟ್ಟಿಲ ಮೇಲೆ ಮಾತ್ರ ದಯವಿಟ್ಟು ನಿಲ್ಲಬೇಡಿ. 2017ರ ಸೆಪ್ಟೆಂಬರ್ 29ರಂದು ಪಕ್ಕದ ಎಲ್ಫಿನ್‌ಸ್ಟನ್ ರೋಡ್ (ಈಗಿನ ಪ್ರಭಾದೇವಿ) ನಿಲ್ದಾಣದ ಸೇತುವೆಯಲ್ಲಿ ಮಳೆಗೆ ಜನ ನಿಂತರು, ಹಿಂದಿನಿಂದ ಗಾಡಿಗಳ ಜನ ಬಂದು ಸೇರುತ್ತಲೇ ಇದ್ದರು. ನೂಕುನುಗ್ಗಲಿನಲ್ಲಿ 20ಕ್ಕೂ ಹೆಚ್ಚು ಜೀವಗಳು ಹೋದವು. ಫೋನ್ ನೋಡುವುದಿದ್ದರೆ, ದಾರಿ ಕೇಳುವುದಿದ್ದರೆ ಮೆಟ್ಟಿಲು ದಾಟಿ ಬದಿಗೆ ಸರಿದು ನಿಲ್ಲಿ.

ಭಾನುವಾರ ಹಳಿ ದುರಸ್ತಿಯ ಬ್ಲಾಕ್ ಇದ್ದರೆ ಫಾಸ್ಟ್ ಗಾಡಿಗಳನ್ನು ಸ್ಲೋ ಹಳಿಗೋ, ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೋ ತಿರುಗಿಸುತ್ತಾರೆ. ಆಗ ವಾಡಿಕೆಯ ಪ್ಲಾಟ್‌ಫಾರ್ಮನ್ನು ನಂಬದೆ ಅನೌನ್ಸ್‌ಮೆಂಟ್ ಕೇಳಿ. ವಾಶಿ, ನೆರೂಲ್, ಪನ್ವೇಲ್‌ಗೆ ದಾದರ್‌ನಿಂದ ನೇರ ಲೋಕಲ್ ಇಲ್ಲ, ಅಲ್ಲಿಗೆ ಹೋಗುವ ಹಾರ್ಬರ್ ಮಾರ್ಗ ಇಲ್ಲಿ ಹಾಯುವುದಿಲ್ಲ. ಮಧ್ಯ ಮಾರ್ಗದಲ್ಲಿ ಕುರ್ಲಾದವರೆಗೆ ಹೋಗಿ ಅಲ್ಲಿ ಗಾಡಿ ಬದಲಿಸಿ; ಫಾಸ್ಟ್, ಸ್ಲೋ ಎರಡೂ ಅಲ್ಲಿ ನಿಲ್ಲುತ್ತವೆ.