ಸ್ಪಿತಿಗೆ ಯಾವ ದಾರಿ? ಮೊದಲು ಎತ್ತರದ ಲೆಕ್ಕ, ಆಮೇಲೆ ದೂರದ್ದು

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಎರಡು ದಾರಿಗಳಿವೆ. ಮನಾಲಿಯಿಂದ ಕುಂಜುಮ್ ಕಣಿವೆದಾರಿ ಹತ್ತಿ ಇಳಿದರೆ ಕಾಜಾ ಸುಮಾರು 200 ಕಿಲೋಮೀಟರ್. ಶಿಮ್ಲಾದಿಂದ ಸಟ್ಲೆಜ್ ನದಿಯ ಗುಂಟ ಕಿನ್ನೌರ್ ದಾಟಿ ಹೋದರೆ 400 ಕಿಲೋಮೀಟರಿಗೂ ಹೆಚ್ಚು. ರಜೆ ಕಡಿಮೆ ಇರುವವರು ಸಹಜವಾಗಿಯೇ ಮೊದಲನೆಯದನ್ನು ಆರಿಸುತ್ತಾರೆ. ಹಾಗೆ ಮಾಡಬೇಡಿ. ಹೋಗುವಾಗ ಕಿನ್ನೌರ್, ಬರುವಾಗ ಕುಂಜುಮ್. ಈ ಒಂದು ತೀರ್ಮಾನ ಸರಿಯಾದರೆ ಉಳಿದ ಯೋಜನೆ ಅರ್ಧ ಮುಗಿದ ಹಾಗೆ.

ಕಾರಣ ಗಾಳಿಯಲ್ಲಿದೆ. ಕಾಜಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 64ರಷ್ಟು, 4,551 ಮೀಟರಿನ ಕುಂಜುಮ್‌ನಲ್ಲಿ ಶೇ. 57. ಒತ್ತಡ ಇಳಿದಷ್ಟೂ ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಉಸಿರಾಟ ಆಳವಾಗುತ್ತದೆ, ಮೂತ್ರಪಿಂಡ ರಕ್ತದ ಕ್ಷಾರವನ್ನು ಸರಿದೂಗಿಸುತ್ತದೆ. ಆದರೆ ಇದಕ್ಕೆಲ್ಲ ದಿನಗಳು ಬೇಕು, ಗಂಟೆಗಳು ಸಾಲವು. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮನಾಲಿಯ ಪೇಟೆಬೀದಿಯೇ ಅದಕ್ಕಿಂತ ಎತ್ತರ. ಚಾರಣದ ಅಭ್ಯಾಸ ಎಷ್ಟೇ ಇರಲಿ, ಬೆಂಗಳೂರಿನಿಂದ ಹೊರಟವರ ದೇಹಕ್ಕೆ ಈ ಎತ್ತರ ಹೊಸದೇ.

ಪರ್ವತ ವೈದ್ಯರು ಒಪ್ಪಿಕೊಂಡಿರುವ ನಿಯಮ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಅಲ್ಲೇ ಉಳಿಯಬೇಕು. ಹಗಲು ಎಷ್ಟು ಎತ್ತರಕ್ಕೆ ಹೋಗಿಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ. ಕಿನ್ನೌರ್ ದಾರಿಯಲ್ಲಿ ಊರುಗಳು ಈ ನಿಯಮಕ್ಕೆ ಹೊಂದುವಂತೆಯೇ ಸಿಗುತ್ತವೆ. ಮೊದಲ ರಾತ್ರಿ ಶಿಮ್ಲಾ ಅಥವಾ ಸರಾಹನ್, ಎರಡನೆಯದು ಕಲ್ಪಾ (2,960 ಮೀ.), ಮೂರನೆಯದು ತಾಬೊ (3,280 ಮೀ.), ನಾಲ್ಕು ಮತ್ತು ಐದನೆಯದು ಕಾಜಾ. ಕಲ್ಪಾದ ನಂತರ ಅನೇಕರು ನಾಕೊದಲ್ಲಿ ತಂಗುತ್ತಾರೆ. ಊರು ಚೆಂದ, ಕೆರೆ ಇನ್ನೂ ಚೆಂದ. ಆದರೆ ಅದು ಸುಮಾರು 3,660 ಮೀಟರ್, ಒಂದೇ ರಾತ್ರಿಗೆ 700 ಮೀಟರ್ ಜಿಗಿತ. ಅಲ್ಲಿ ಊಟ ಮಾಡಿ ತಾಬೊಗೆ ಇಳಿಯುವುದು ಮೇಲು. ಕಾಜಾ ಸುತ್ತಲಿನ ಕಿಬ್ಬರ್, ಹಿಕ್ಕಿಂ, ಕೋಮಿಕ್ ಎಲ್ಲ 4,200 ಮೀಟರಿಗಿಂತ ಮೇಲಿವೆ. ಹಗಲು ನೋಡಿ, ರಾತ್ರಿಗೆ ಕಾಜಾಕ್ಕೆ ಬನ್ನಿ.

ಇದರ ತಿರುಗುಮುರುಗು ಏನಾಗುತ್ತದೆ? ಬೆಳಿಗ್ಗೆ ಮನಾಲಿ, ಸಂಜೆಗೆ ಚಂದ್ರತಾಲ್ ಸರೋವರದ ಬಳಿಯ ಡೇರೆ. 2,050 ಮೀಟರಿನಿಂದ 4,200 ದಾಟಿದ ಎತ್ತರಕ್ಕೆ ಒಂದೇ ದಿನದಲ್ಲಿ. ರಾತ್ರಿ ತಲೆನೋವು, ವಾಂತಿ. ಹೊರಗೆ ಕತ್ತಲು, ದಾರಿ ಕಚ್ಚಾ, ಇಳಿಯಲು ಗಂಟೆಗಟ್ಟಲೆ ಬೇಕು. ನಡೆಯುವಾಗ ತೂರಾಡುವುದು, ಮಾತು ತೊದಲುವುದು ಮಿದುಳು ಬಾತಿರುವ ಲಕ್ಷಣ; ಸುಮ್ಮನೆ ಕೂತಿದ್ದರೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ನಿಜವಾದ ಚಿಕಿತ್ಸೆ ಕೆಳಗಿಳಿಯುವುದು. ಅಂಗಡಿಯಲ್ಲಿ ಸಿಗುವ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷ ಬರುತ್ತದೆ, ಅದನ್ನು ನಂಬಿ ಯೋಜನೆ ಹಾಕಬಾರದು. ಅಸೆಟಜೋಲಮೈಡ್ ಮಾತ್ರೆಯನ್ನು ಮುಂಜಾಗ್ರತೆಗೆ ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಇದು ಸಲ್ಫಾ ಗುಂಪಿನ ಔಷಧ, ಅದು ಒಗ್ಗದವರೂ ಇರುವುದರಿಂದ ಊರಲ್ಲೇ ವೈದ್ಯರನ್ನು ಕೇಳಿ ನಿರ್ಧರಿಸಿ.

2023ರ ಜುಲೈಯಲ್ಲಿ ಅಕಾಲದ ಹಿಮ ಬಿದ್ದು ಚಂದ್ರತಾಲ್‌ನಲ್ಲಿ 250ಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ಜುಲೈ ಎಂದರೆ ಅಲ್ಲಿ ಬೇಸಿಗೆ. ಕುಂಜುಮ್ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ, ಆ ಅವಧಿಯಲ್ಲೂ ಯಾವ ದಿನವಾದರೂ ಮುಚ್ಚಬಹುದು. 2020ರ ಅಕ್ಟೋಬರ್ 3ರಂದು ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗ ಮನಾಲಿ ಬಿಟ್ಟ ಕೂಡಲೇ ಎದುರಾಗುವ ರೋಹ್ತಂಗ್ ಕಣಿವೆದಾರಿ ಹತ್ತುವ ಕಷ್ಟವನ್ನು ತಪ್ಪಿಸಿದೆ, ಕುಂಜುಮ್‌ನದ್ದನ್ನಲ್ಲ.

ಹಾಗೆಂದು ಕಿನ್ನೌರ್ ದಾರಿ ನಿರಪಾಯ ಎಂದಲ್ಲ. ಸಟ್ಲೆಜ್ ಕಡಿದಾದ ಗೋಡೆಗಳನ್ನು ಕೊರೆದಿದೆ, ರಸ್ತೆಗಾಗಿ ಮನುಷ್ಯರು ಆ ಗೋಡೆಗಳ ಬುಡವನ್ನೇ ಕಡಿದಿದ್ದಾರೆ. ಮಳೆನೀರು ಬಿರುಕಿಗಿಳಿದಾಗ ಬಂಡೆ ಜಾರುತ್ತದೆ. 2021ರ ಆಗಸ್ಟ್ 11ರಂದು ನಿಗುಲ್ಸರಿಯಲ್ಲಿ ಕುಸಿದ ಗುಡ್ಡ ಬಸ್ಸು ಮತ್ತು ಬೇರೆ ವಾಹನಗಳನ್ನು ಹೂತು 28 ಜನರನ್ನು ಬಲಿ ತೆಗೆದುಕೊಂಡಿತು. ಸ್ಪಿತಿ ಮಳೆನೆರಳಿನ ನಾಡು, ಅಲ್ಲಿಗೆ ಮುಂಗಾರು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಮಳೆಯ ನಾಡಿನಲ್ಲೇ ಇದೆ. ಅದಕ್ಕೇ ಜುಲೈ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ ಬೇಡ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರ ಎಲ್ಲಕ್ಕಿಂತ ಒಳ್ಳೆಯದು: ಮಳೆ ಹಿಂದೆ ಸರಿದಿರುತ್ತದೆ, ಕುಂಜುಮ್ ಇನ್ನೂ ತೆರೆದಿರುತ್ತದೆ, ತೊರೆಗಳಲ್ಲಿ ನೀರು ತಗ್ಗಿರುತ್ತದೆ.

ಸರ್ಕಾರಿ ಬಸ್ಸಿನಲ್ಲೂ ಈ ಪ್ರಯಾಣ ಸಾಧ್ಯ. ಕಿನ್ನೌರಿನ ರೆಕಾಂಗ್ ಪಿಯೊದಿಂದ ಬೆಳಿಗ್ಗೆ ಹೊರಡುವ ಹಿಮಾಚಲ ಸಾರಿಗೆಯ ಬಸ್ಸು ಕಾಜಾ ಮುಟ್ಟುವಾಗ ಸಂಜೆಯಾಗುತ್ತದೆ. ಗುಡ್ಡ ಕುಸಿದ ದಿನ ಆಚೆ ಬದಿಗೆ ಇನ್ನೊಂದು ಬಸ್ಸು ಬಂದು ನಿಲ್ಲುವುದುಂಟು. ಪ್ರಯಾಣಿಕರು ಕುಸಿತವನ್ನು ನಡೆದು ದಾಟಿ ಅದನ್ನು ಹತ್ತಬೇಕು. ಆದ್ದರಿಂದ ಗಾಲಿಯ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲವೇ ಸರಿ. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ಕಿನ್ನೌರ್ ಮತ್ತು ಸ್ಪಿತಿಯ ನಡುವಿನ ಗಡಿಭಾಗಕ್ಕೆ ಪರವಾನಗಿ ಬೇಕು, ರೆಕಾಂಗ್ ಪಿಯೊದಲ್ಲಿ ಕೊಡುತ್ತಾರೆ. ಅಮೆರಿಕದಿಂದ ಬಂದ ನೆಂಟರನ್ನು ಕರೆದೊಯ್ಯುವುದಾದರೆ ಅದಕ್ಕೊಂದು ದಿನ ಮೀಸಲಿಡಿ.

ಈಗ ವಾಪಸು ದಾರಿ. ಬೆಳಿಗ್ಗೆ ಐದಕ್ಕೆಲ್ಲ ಕಾಜಾ ಬಿಡಬೇಕು ಎಂದು ಡ್ರೈವರ್ ಹಟ ಹಿಡಿದರೆ ಅವರ ಮಾತು ಕೇಳಿ. ಕುಂಜುಮ್ ಇಳಿದ ಮೇಲೆ ಬಾತಲ್‌ನಿಂದ ಗ್ರಾಂಫುವರೆಗಿನ ಸುಮಾರು 50 ಕಿಲೋಮೀಟರಿನಲ್ಲಿ ಹಿಮನದಿಯ ತೊರೆಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಬಿಸಿಲೇರಿದಂತೆ ಹಿಮ ಕರಗುತ್ತದೆ, ಆ ನೀರು ಹಿಮನದಿಯ ಒಡಲಿನಿಂದ ಹೊರಟು ರಸ್ತೆ ಮುಟ್ಟಲು ಕೆಲವು ಗಂಟೆ ತಗಲುತ್ತದೆ. ಹಾಗಾಗಿ ಮುಂಜಾನೆ ಪಾದ ನೆನೆಯುವಷ್ಟಿದ್ದ ತೊರೆ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮೊಣಕಾಲು ಮುಳುಗಿಸಬಹುದು. ಕಲ್ಲಿನ ಹುಡಿ ಬೆರೆತು ನೀರು ಬೂದುಬಣ್ಣಕ್ಕೆ ತಿರುಗಿರುವುದರಿಂದ ತಳ ಕಾಣುವುದಿಲ್ಲ. ದಂಡೆಯಲ್ಲಿ ನಿಂತು ಮುಂದಿನ ಗಾಡಿ ಎಲ್ಲಿ ಹತ್ತಿತು ನೋಡಿ. ಅದರ ಚಕ್ರ ನಡುಗುಂಬ ದಾಟಿ ಮುಳುಗಿದರೆ ಸಣ್ಣ ಕಾರಿಗೆ ಆ ನೀರು ಬೇಡ. ಮೊದಲ ಗೇರಿನಲ್ಲಿ, ಕ್ಲಚ್ ಒತ್ತದೆ, ಒಂದೇ ವೇಗದಲ್ಲಿ ದಾಟಬೇಕು. ನಡುವೆ ಎಂಜಿನ್ ನಿಂತು ಗಾಳಿ ಎಳೆಯುವ ಕೊಳವೆಗೆ ನೀರು ಹೋಗಿರುವ ಅನುಮಾನ ಇದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನಲ್ಲಿ ಸಿಕ್ಕ ನೀರನ್ನು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಾಟಿದ ಮೇಲೆ ಬ್ರೇಕನ್ನು ಒಂದೆರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಎತ್ತರ ವಾಹನಕ್ಕೂ ತಟ್ಟುತ್ತದೆ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಕುಂಜುಮ್‌ನಲ್ಲಿ ತನ್ನ ಶಕ್ತಿಯ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ, ಏಕೆಂದರೆ ಸಿಲಿಂಡರಿಗೆ ಸಿಗುವ ಗಾಳಿಯೇ ತೆಳುವು. 1.2 ಲೀಟರ್ ಕಾರಿನಲ್ಲಿ ಐವರು ಮತ್ತು ಸಾಮಾನು ಎಂದರೆ ಕಡಿದಾದ ತಿರುವಿನಲ್ಲಿ ಇಳಿದು ತಳ್ಳುವ ಸಂದರ್ಭ ಬಂದೀತು. ಟೈರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚಂಡೀಗಢದಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ಕುಂಜುಮ್‌ನಲ್ಲಿ, ಉಷ್ಣತೆ ಬದಲಾಗದಿದ್ದರೆ, ಮಾಪಕದಲ್ಲಿ ಸುಮಾರು 39 ತೋರಿಸಬೇಕು, ಹೊರಗಿನ ಒತ್ತಡ ಅಷ್ಟು ಇಳಿದಿರುತ್ತದೆ. ಆದರೆ ಅಲ್ಲಿನ ಚಳಿಗೆ ಒಳಗಿನ ಗಾಳಿಯೂ ಕುಗ್ಗಿ ಅದು 35ರ ಆಸುಪಾಸಿಗೆ ಬರುತ್ತದೆ. ಹೆಚ್ಚಾಗಿದೆ ಎಂದು ಮೇಲೆ ಗಾಳಿ ಬಿಟ್ಟರೆ ಕೆಳಗಿಳಿದಾಗ ಟೈರು ಮೆತ್ತಗಾಗಿ, ಚೂಪುಕಲ್ಲಿಗೆ ಅದರ ಪಕ್ಕದ ಗೋಡೆ ಸೀಳುತ್ತದೆ.

ಇಂಧನಕ್ಕೆ ಕಿನ್ನೌರಿನ ಪೊವಾರಿಯಲ್ಲಿ ಟ್ಯಾಂಕ್ ತುಂಬಿಸಿ, ಆಮೇಲೆ ನೆಚ್ಚಿಕೊಳ್ಳಬಹುದಾದದ್ದು ಕಾಜಾದ ಬಂಕ್. ಕಾಜಾದಿಂದ ಮನಾಲಿವರೆಗೆ ಮತ್ತೆ ಬಂಕ್ ಇಲ್ಲವೆಂದೇ ಲೆಕ್ಕ ಹಾಕಿ. ಮೊದಲ ಗೇರುಗಳಲ್ಲೇ ಹೆಚ್ಚು ಓಡುವುದರಿಂದ ಮೈಲೇಜ್ ಇಳಿಯುತ್ತದೆ. ನಗದು ಹಣವನ್ನೂ ಮೊದಲೇ ಇಟ್ಟುಕೊಳ್ಳಿ. ನೆಟ್‌ವರ್ಕ್ ಹೋದ ದಿನ ಯುಪಿಐ ನಡೆಯುವುದಿಲ್ಲ.

ಕಾಜಾದಿಂದ ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನದ ಕಡೆಗೆ ಹೋಗುವ ರಸ್ತೆ ಅತ್ತರ್ಗುವಿನಲ್ಲಿ ಸ್ಪಿತಿ ನದಿಯ ಸೇತುವೆ ದಾಟಿ ಕವಲೊಡೆದು, ಸುಮಾರು 50 ಕಿಲೋಮೀಟರ್ ಸಾಗಿ ಮುಧ್ ಊರಿನಲ್ಲಿ ಮುಗಿಯುತ್ತದೆ. 1987ರಲ್ಲಿ ಘೋಷಣೆಯಾದ ಈ 675 ಚದರ ಕಿಲೋಮೀಟರ್ ಉದ್ಯಾನ ಹಿಮಚಿರತೆ ಮತ್ತು ಐಬೆಕ್ಸ್ ಕಾಡುಮೇಕೆಗಳ ನೆಲೆ. ಮುಧ್‌ನಿಂದ ಮುಂದೆ ಕಾಲ್ನಡಿಗೆಯೇ. 5,319 ಮೀಟರಿನ ಪಿನ್ ಪಾರ್ವತಿ ಕಣಿವೆದಾರಿ ದಾಟಿದರೆ ಪಾರ್ವತಿ ಕಣಿವೆ ಸಿಗುತ್ತದೆ, ಆದರೆ ಅದು ಮಾರ್ಗದರ್ಶಿ, ಹಗ್ಗ, ವಾರಕ್ಕೂ ಹೆಚ್ಚು ಸಮಯ ಬೇಡುವ ಹಿಮನದಿಯ ಚಾರಣ. ರಸ್ತೆಯಲ್ಲೇ ಇನ್ನೊಂದು ಉದ್ಯಾನ ಸೇರಿಸಬೇಕೆಂದರೆ ಮನಾಲಿಯಿಂದ ವಾಪಸಾಗುವಾಗ ಔಟ್‌ನಲ್ಲಿ ತಿರುಗಿ ಬಂಜಾರ್ ಮೂಲಕ ಗುಶೈನಿಗೆ ಹೋಗಿ. 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಒಳಗೆ ವಾಹನದ ರಸ್ತೆಯೇ ಇಲ್ಲ. ಅರಣ್ಯ ಇಲಾಖೆಯ ಪರವಾನಗಿ ಪಡೆದು ನಡೆಯಬೇಕು. ಚಂಡೀಗಢದಿಂದ ಬೆಂಗಳೂರಿಗೆ ವಿಮಾನವನ್ನೋ ರೈಲನ್ನೋ ಕಾದಿರಿಸುವಾಗ ಕುಂಜುಮ್ ದಾಟುವ ದಿನಕ್ಕೂ ಟಿಕೆಟ್ಟಿನ ದಿನಕ್ಕೂ ನಡುವೆ ಕನಿಷ್ಠ ಎರಡು ದಿನ ಖಾಲಿ ಬಿಡಿ. ದಾರಿ ಮುಚ್ಚಿದರೆ ಕಾಜಾದಿಂದ ಬಂದ ಹಾದಿಯಲ್ಲೇ ಶಿಮ್ಲಾಕ್ಕೆ ಮರಳಲು ಅಷ್ಟು ಹೊತ್ತು ಬೇಕಾಗುತ್ತದೆ.